ಹೆಬ್ಬೆಟ್ಟು ಸಾಕು, ಮಾತು ಬೇಡವೇ?

ಯಾವುದಾದರೂ ಕ್ಯಾನ್ಸರ್ ರೋಗಿಯ ಫೈಲನ್ನು ಬಿಡಿಸಿ ನೋಡಿ. ರಕ್ತ ಪರೀಕ್ಷೆಯ ಅಂಕಿಗಳಿವೆ, ಬಯಾಪ್ಸಿ ವರದಿಯಿದೆ, ಸ್ಕ್ಯಾನ್ ಚಿತ್ರಗಳಿವೆ, ಗೆಡ್ಡೆ ಎಷ್ಟು ಸೆಂಟಿಮೀಟರ್ ಕುಗ್ಗಿತು ಎಂಬ ಲೆಕ್ಕವಿದೆ. ಒಪ್ಪಿಗೆ ಪತ್ರದ ಕೆಳಗೆ ರೋಗಿಯ ಸಹಿಯೋ ಹೆಬ್ಬೆಟ್ಟಿನ ಗುರುತೋ ಇದೆ. ಹುಡುಕಿದರೂ ಸಿಗದಿರುವುದು ರೋಗಿಯ ಮಾತು. ಕಿಮೋ ಹಾಕಿಸಿಕೊಂಡು ಹೋದ ಮೇಲೆ ಆಕೆ ರಾತ್ರಿಗಳನ್ನು ಹೇಗೆ ಕಳೆದಳು? ಬಾಯಿಹುಣ್ಣಿನ ನಡುವೆ ಗಂಜಿಯಾದರೂ ಗಂಟಲಿಗಿಳಿಯಿತೇ? ಬೆರಳ ತುದಿ ಜೋಮು ಹಿಡಿದು ರವಿಕೆಯ ಗುಂಡಿ ಹಾಕಿಕೊಳ್ಳಲು ಆಗುತ್ತಿದೆಯೇ? ಇದನ್ನು ಕೇಳಿ ಬರೆದಿಡುವ ಜಾಗವೇ ಆ ಫೈಲಿನಲ್ಲಿಲ್ಲ. ರೋಗಿಯ ದೇಹ ವೈದ್ಯವಿಜ್ಞಾನಕ್ಕೆ ಬೇಕು, ಬಾಯಿ ಬೇಡ.

ಇದು ಯಾರೋ ನಾಲ್ಕು ಜನರ ಸಂಕಟವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರ್‌ಗೆ ತುತ್ತಾದವರು ಸುಮಾರು 14 ಲಕ್ಷ, ಸತ್ತವರು 9 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಎಷ್ಟೋ ಮಂದಿ ಆಸ್ಪತ್ರೆ ತಲುಪುವ ಹೊತ್ತಿಗೆ ರೋಗ ಹರಡಿರುತ್ತದೆ. ಅಂಥವರಿಗೆ ಗೆಡ್ಡೆಯ ಅಳತೆಗಿಂತ ಉಳಿದ ದಿನಗಳು ಹೇಗೆ ಕಳೆಯುತ್ತವೆ ಎಂಬುದೇ ದೊಡ್ಡದು. ಚಿಕಿತ್ಸೆ ಫಲಿಸಿತೇ ಇಲ್ಲವೇ ಎಂಬ ತೀರ್ಪಿನಲ್ಲಿ ಅವರದೇ ಸಾಕ್ಷ್ಯ ಇಲ್ಲವೆಂದರೆ ಅದೆಂಥ ತೀರ್ಪು?

‘ರೋಗಿ ಹೇಳದಿದ್ದರೂ ಡಾಕ್ಟರಿಗೆ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಗೊತ್ತಾಗುವುದಿಲ್ಲ. ಇಟಲಿಯ ಸಂಶೋಧಕರು ಮೂರು ಔಷಧ ಪ್ರಯೋಗಗಳ 1,090 ರೋಗಿಗಳ ಹೇಳಿಕೆಗಳನ್ನು ಅವರ ವೈದ್ಯರೇ ಬರೆದಿದ್ದ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾಂತಿ, ಓಕರಿಕೆ, ಹಸಿವಿಲ್ಲದಿರುವುದು, ಮಲಬದ್ಧತೆ, ಭೇದಿ, ಕೂದಲುದುರುವಿಕೆ ಇವುಗಳನ್ನು ಹೋಲಿಸಲಾಗಿತ್ತು. ರೋಗಿಗಳು ಇದೆ ಎಂದದ್ದರಲ್ಲಿ ನೂರಕ್ಕೆ 40ರಿಂದ 74ರಷ್ಟು ವೈದ್ಯರ ಕಾಗದಕ್ಕೆ ಬಂದಿರಲೇ ಇಲ್ಲ. ಗಮನಿಸಿ, ಇವು ಪ್ರತಿಯೊಂದನ್ನೂ ಬರೆದಿಡಲೇಬೇಕಾದ ಪ್ರಯೋಗಗಳು. ಒಂದು ಬೆಳಿಗ್ಗೆ ನೂರು ಮಂದಿಯನ್ನು ನೋಡಿ ಮುಗಿಸಬೇಕಾದ ನಮ್ಮ ಹೊರರೋಗಿ ವಿಭಾಗಗಳಲ್ಲಿ ಏನಾಗುತ್ತಿರಬಹುದು ಎಂಬುದನ್ನು ಓದುಗರೇ ಊಹಿಸಲಿ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ವೈದ್ಯ ಈಥನ್ ಬ್ಯಾಶ್ ಮತ್ತು ಸಂಗಡಿಗರು ರೋಗ ಹರಡಿದ್ದ 766 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರು ನೋವು, ಸುಸ್ತು, ಉಬ್ಬಸದಂಥ 12 ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ತಾವೇ ಉತ್ತರಿಸುತ್ತಿದ್ದರು. ತೊಂದರೆ ಹೆಚ್ಚಿದರೆ ನರ್ಸಿಗೆ ಸುದ್ದಿ ಹೋಗುತ್ತಿತ್ತು. ಈ ಗುಂಪಿನವರು ತುರ್ತು ವಿಭಾಗಕ್ಕೆ ಓಡಿ ಬರುವುದು ಕಡಿಮೆಯಾಯಿತು. 2017ರಲ್ಲಿ ಪ್ರಕಟವಾದ ಲೆಕ್ಕದಂತೆ ಅವರ ಬದುಕಿನ ಮಧ್ಯಮಾವಧಿ 31.2 ತಿಂಗಳು, ಇನ್ನೊಂದು ಗುಂಪಿನವರದು 26 ತಿಂಗಳು. ಆಯಸ್ಸಿನ ಈ ಅಂತರ ನಂತರದ ದೊಡ್ಡ ಅಧ್ಯಯನದಲ್ಲಿ ಮರುಕಳಿಸಲಿಲ್ಲ, ನಿಜ. ಆದರೆ ಅಲ್ಲಿಯೂ ರೋಗಿಗಳ ನರಳಾಟ ತಗ್ಗಿತು, ಓಡಾಟ ಸುಧಾರಿಸಿತು. ಕೇಳುವುದಕ್ಕೆ ಇಷ್ಟು ಸಮರ್ಥನೆ ಸಾಲದೇ?

‘ಅದೆಲ್ಲ ಅಮೆರಿಕದ ಓದಿದವರಿಗೆ, ನಮ್ಮ ಹಳ್ಳಿಯವರಿಗೆ ಏನು ತಿಳಿಯುತ್ತದೆ’ ಎಂಬುದು ನಮ್ಮಲ್ಲಿ ಸಿದ್ಧವಾಗಿರುವ ಉತ್ತರ. ನ್ಯೂಯಾರ್ಕಿನ ಅದೇ ಅಧ್ಯಯನದಲ್ಲಿ ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲದ 227 ಮಂದಿಯೂ ಇದ್ದರು. ಹೆಚ್ಚು ಪ್ರಯೋಜನ ಸಿಕ್ಕಿದ್ದು ಅವರಿಗೇ. ತನ್ನ ಹೊಟ್ಟೆಯ ಉರಿಯನ್ನು ಹೇಳಲು ಯಾರಿಗೂ ಅಕ್ಷರ ಬೇಕಿಲ್ಲ, ಕೇಳುವವರು ಬೇಕು. ಅದೂ ಅವರ ಭಾಷೆಯಲ್ಲಿ. ಬೀದರಿನಿಂದ ಬಂದ ದಖನಿ ಉರ್ದುವಿನ ತಾಯಿಗೆ, ಕರಾವಳಿಯ ಬ್ಯಾರಿ ಮುದುಕನಿಗೆ, ಬೆಟ್ಟದ ಸೋಲಿಗ ಹೆಂಗಸಿಗೆ ಪುಸ್ತಕದ ಕನ್ನಡದ ಪ್ರಶ್ನಾವಳಿ ಕೊಟ್ಟರೆ ಅದು ಕೇಳಿದ ಶಾಸ್ತ್ರವಾಗುತ್ತದೆಯೇ ಹೊರತು ಕೇಳಿದಂತಾಗುವುದಿಲ್ಲ.

ತಪ್ಪು ಆಸ್ಪತ್ರೆಯದ್ದು ಮಾತ್ರವೂ ಅಲ್ಲ. ಡಾಕ್ಟರು ತಾಯಿಯನ್ನು ಕೇಳಿದರೆ ಉತ್ತರಿಸುವವನು ಮಗ. ಹೆಂಡತಿಯನ್ನು ಕೇಳಿದರೆ ಗಂಡ. ಎದೆಯ ಗಂಟು, ಗರ್ಭಕೋಶದ ಸ್ರಾವ ಇವನ್ನು ಪರಗಂಡಸಿನ ಮುಂದೆ ಹೇಳಬಾರದೆಂದು ಕಲಿಸಿದವರು ನಾವು. ಕೊನೆಗೆ ‘ಯಾಕೆ ಮೊದಲೇ ಹೇಳಲಿಲ್ಲ’ ಎಂದು ಆಕೆಯನ್ನೇ ಗದರುವವರೂ ನಾವೇ. ಮಾನದ ಹೆಸರಿನಲ್ಲಿ ಹೆಣ್ಣಿನ ಜೀವ ತೆಗೆಯುವ ಈ ಮೌನವನ್ನು ಯಾವ ಧರ್ಮವೂ ಬೇಡಿಲ್ಲ.

ಸಂಶೋಧನೆಯ ವಿಷಯಕ್ಕೆ ಬಂದರೆ ಈ ಕಿವುಡುತನ ಅನ್ಯಾಯವೇ ಆಗಿಬಿಡುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನವೊಂದು 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಶುರುವಾಯಿತು. ಖಮ್ಮಂನಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ಅನೇಕರು ಹಾಸ್ಟೆಲುಗಳಲ್ಲಿದ್ದ ಆದಿವಾಸಿ ಬಾಲಕಿಯರು. ಕೆಲವು ಬಾಲಕಿಯರ ಸಾವಿನ ಸುದ್ದಿ ಬಂದು 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಲಸಿಕೆ ಒಳ್ಳೆಯದೆಂಬುದರಲ್ಲೂ ಅನುಮಾನವಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲಿದ್ದದ್ದು ಹೆಬ್ಬೆಟ್ಟು, 2,763ರ ಮೇಲಿದ್ದದ್ದು ಹಾಸ್ಟೆಲ್ ವಾರ್ಡನ್‌ಗಳ ಸಹಿ. ತಂದೆ-ತಾಯಿಗೆ ತಿಳಿಸದೆ ಮಗಳ ತೋಳಿಗೆ ಸೂಜಿ ಚುಚ್ಚಿದವರು, ಆಮೇಲೆ ಜನರಿಗೆ ವಿಜ್ಞಾನದಲ್ಲಿ ನಂಬಿಕೆಯಿಲ್ಲ ಎಂದು ಗೊಣಗುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಜನರನ್ನು ಜೊತೆಗೂಡಿಸಿಕೊಳ್ಳುವುದು ಅಸಾಧ್ಯವೇನಲ್ಲ. ಪಕ್ಕದ ಕೇರಳವನ್ನೇ ನೋಡಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಪುಟ್ಟ ನೋವು ಪರಿಹಾರ ಕ್ಲಿನಿಕ್ಕಾಗಿ ಶುರುವಾದ ಕೆಲಸ ಮಲಪ್ಪುರಂ ಮುಂತಾದೆಡೆ ಊರವರದೇ ಚಳವಳಿಯಾಯಿತು. ತರಬೇತಿ ಪಡೆದ ಸಾಮಾನ್ಯ ಜನ ರೋಗಿಯ ಮನೆಗೆ ಹೋಗಿ ಕೂರುತ್ತಾರೆ, ಕೇಳುತ್ತಾರೆ, ನೋವೆಷ್ಟಿದೆ ಎಂದು ನರ್ಸಿಗೆ, ವೈದ್ಯರಿಗೆ ತಿಳಿಸುತ್ತಾರೆ. ಖರ್ಚಿನ ಬಹುಪಾಲು ಊರವರ ಚಿಲ್ಲರೆ ಕಾಸು. 2008ರಲ್ಲಿ ಸರ್ಕಾರ ಇದನ್ನು ನೀತಿಯನ್ನಾಗಿ ಮಾಡಿಕೊಂಡಿತು. ಚಂದಾ ಎತ್ತಿ ರೋಗಿಯ ಬಿಲ್ಲು ಕಟ್ಟುವುದರಲ್ಲಿ ನಮ್ಮ ಜಮಾಅತ್‌ಗಳು, ಸಂಘಗಳು ಹಿಂದೆ ಬಿದ್ದಿಲ್ಲ. ಪಕ್ಕದಲ್ಲಿ ಕೂತು ಕೇಳುವ ಕೆಲಸ ಬಾಕಿಯಿದೆ.

ಹಾಗಾದರೆ ಆಗಬೇಕಾದದ್ದೇನು? 1973ರಿಂದ ರಾಜ್ಯದ ಬಡವರನ್ನು ನೋಡಿಕೊಂಡು ಬಂದಿರುವ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳು ಮೊದಲ ಹೆಜ್ಜೆ ಇಡಲಿ. ಕಿಮೋ ಮುಗಿಸಿ ಊರಿಗೆ ಹೋದವರಿಗೆ ವಾರಕ್ಕೊಮ್ಮೆ ಅವರ ಭಾಷೆಯಲ್ಲೇ ಫೋನು ಹೋಗಲಿ, ಉತ್ತರ ಫೈಲಿಗೆ ಸೇರಲಿ. ಅದನ್ನು ಓದಿ ಕ್ರಮ ಕೈಗೊಳ್ಳುವ ನರ್ಸಿನ ಹುದ್ದೆಗೆ ಸರ್ಕಾರ ಹಣ ಕೊಡಲಿ, ಇಲ್ಲವಾದರೆ ಕೇಳಿದ್ದೂ ವ್ಯರ್ಥ. ಔಷಧ ಪ್ರಯೋಗಗಳ ನೈತಿಕ ಸಮಿತಿಯಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕೆಂದು 2019ರ ನಿಯಮ ಹೇಳುತ್ತದೆ. ಕ್ಯಾನ್ಸರ್ ಪ್ರಯೋಗವಾದರೆ ಆ ಕುರ್ಚಿಯಲ್ಲಿ ಕ್ಯಾನ್ಸರ್ ಉಂಡವರೇ ಕೂರಲಿ. ಏನನ್ನು ಸಂಶೋಧಿಸಬೇಕು ಎಂದು ತೀರ್ಮಾನಿಸುವಾಗಲೂ ಅವರ ಮಾತು ನಡೆಯಲಿ.

ಇದರಲ್ಲಿ ಯಾವುದೂ ಕೋಟಿಗಟ್ಟಲೆಯ ಯಂತ್ರ ಬೇಡುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ರೋಗಿಯನ್ನು ಮನುಷ್ಯಳೆಂದು ಒಪ್ಪಿದ ವ್ಯವಸ್ಥೆ, ಆಕೆ ಬಾಯಿ ತೆರೆದಾಗಲೂ ಹಾಗೆಯೇ ಒಪ್ಪಬೇಕು.