ಕೃತಕ ಕೀಲಿನ ಲೆಕ್ಕ ಇಡುವವರು ಯಾರು?

ಒಂದು ಕಾಲಕ್ಕೆ ಮುಂಬಯಿಯ ಕನ್ನಡ ಸಂಘಗಳ ಸಮಾರಂಭಗಳಲ್ಲಿ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಇರುಳೆಲ್ಲ ತಾಳಮದ್ದಳೆ ಕೇಳುತ್ತಿದ್ದ ತಲೆಮಾರು ಇಂದು ಸಭಾಗೃಹವನ್ನು ಹೊಕ್ಕೊಡನೆ ಕುರ್ಚಿಯನ್ನು ಅರಸುತ್ತದೆ. ಅವರಲ್ಲಿ ಕೆಲವರ ಮೊಣಕಾಲಿನೊಳಗೆ ಈಗ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲುಗಳಿವೆ. ಊರಿನಿಂದ ತಾಯಿಯನ್ನು ಕರೆತಂದು, ಮಂಡಿಯ ಶಸ್ತ್ರಕ್ರಿಯೆ ಮಾಡಿಸಿ, ಎರಡು ಮೂರು ತಿಂಗಳು ಆರೈಕೆ ಮಾಡಿ ಮರಳಿ ಕಳುಹಿಸುವುದು ಮಕ್ಕಳ ಕರ್ತವ್ಯಗಳಲ್ಲೊಂದೆಂದು ಬಗೆಯಲಾಗುತ್ತಿದೆ. ಅದು ಮೆಚ್ಚತಕ್ಕ ಮಾತೇ. ಆದರೆ ಈ ಕುಟುಂಬಗಳಲ್ಲಿ ನಡೆಯುವ ಚರ್ಚೆಯೆಲ್ಲವೂ ಯಾವ ಆಸ್ಪತ್ರೆ, ಯಾವ ಕಂಪನಿಯ ಕೀಲು, ರೋಬೋಟಿನ ನೆರವು ಉಂಟೋ ಇಲ್ಲವೋ ಎಂಬಲ್ಲಿಗೆ ಮುಗಿಯುತ್ತದೆ. ಹತ್ತು ವರ್ಷಗಳ ಅನಂತರ ಆ ಕೀಲು ಹೇಗಿರುತ್ತದೆ, ಅದನ್ನು ಯಾರು ನೋಡಿ ಬರೆದಿಡುತ್ತಾರೆ ಎಂದು ಕೇಳುವವರು ವಿರಳ. ಈ ಚಿಕಿತ್ಸೆಯ ಚರಿತ್ರೆಯನ್ನು ಬಲ್ಲವರಿಗಾದರೋ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಆಧುನಿಕ ಸೊಂಟದ ಕೀಲನ್ನು ರೂಪಿಸಿದವರು ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. 1950ರ ದಶಕದ ಕೊನೆಯಲ್ಲಿ ಅವರು ತೊಡೆಮೂಳೆಗೆ ಉಕ್ಕಿನ ಗುಂಡನ್ನೂ, ಅದು ಕೂರುವ ಕುಳಿಗೆ ಟೆಫ್ಲಾನಿನ ಬಟ್ಟಲನ್ನೂ ಜೋಡಿಸಿದರು. ವರ್ಷಗಟ್ಟಲೆ ನರಳಿದವರು ನೋವಿಲ್ಲದೆ ಎದ್ದು ನಡೆದರು. ಆ ದಿನಗಳಲ್ಲಿ ಯಾರಾದರೂ ಲೆಕ್ಕ ಮುಗಿಸಿದ್ದರೆ ಅದು ಅಪ್ರತಿಮ ಯಶಸ್ಸೆಂದೇ ದಾಖಲಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದವು. ಉದುರಿದ ಕಣಗಳು ಸುತ್ತಲಿನ ಮಾಂಸವನ್ನೂ ಮೂಳೆಯನ್ನೂ ಕೆಡಿಸಿದವು. ಸುಮಾರು 300 ರೋಗಿಗಳಲ್ಲಿ ಹೀಗೆ ಕೂರಿಸಿದ್ದ ಕೀಲುಗಳು ವಿಫಲವಾಗತೊಡಗಿದವು. ಚಾರ್ನ್ಲಿ ಆ ವಸ್ತುವಿನ ಕಣಗಳನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ಪರಿಣಾಮವನ್ನು ನೋಡಿದರು. 1962ರಲ್ಲಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ ದೊರೆತ ಮೇಲೂ ಅವರು ಹಿಗ್ಗಿ ಮಾರಾಟಕ್ಕೆ ಇಳಿಯಲಿಲ್ಲ. ಇತರ ವೈದ್ಯರು ತಮ್ಮಲ್ಲಿಗೆ ಬಂದು ವಿಧಾನವನ್ನು ಕಲಿತ ಹೊರತು ಕೀಲನ್ನು ಬಳಸಕೂಡದೆಂದು ಹಟ ಹಿಡಿದರು. ಮರಣಾನಂತರ ಕೀಲನ್ನು ಪರೀಕ್ಷೆಗೆ ಬಿಟ್ಟುಕೊಡುವಂತೆ ರೋಗಿಗಳನ್ನು ಕೋರಿ, ಸವೆತವನ್ನು ಅಳೆದರು. ಶಸ್ತ್ರಕ್ರಿಯೆಯ ಕೊಠಡಿಯ ಗಾಳಿಯನ್ನು ಶುದ್ಧಗೊಳಿಸಿ, ನೂರಕ್ಕೆ ಏಳೆಂಟರಷ್ಟಿದ್ದ ಸೋಂಕನ್ನು ಕ್ರಮೇಣ ಒಂದಕ್ಕಿಂತ ಕೆಳಗಿಳಿಸಿದರು. ಈ ಪುರುಷನ ದೊಡ್ಡತನ ಕೀಲನ್ನು ಕಂಡುಹಿಡಿದುದಕ್ಕಿಂತಲೂ, ಕೂರಿಸಿದ ಕೀಲನ್ನು ಕೈಬಿಡದೆ ಹಿಂಬಾಲಿಸಿದುದರಲ್ಲಿದೆ.

ಮಂಡಿಯ ಕೀಲು ತುಸು ತಡವಾಗಿ ಪಕ್ವವಾಯಿತು. ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರು 1974ರಲ್ಲಿ ಬಳಕೆಗೆ ತಂದ ವಿನ್ಯಾಸವೇ ಇಂದಿನ ಬಹುಪಾಲು ಮಂಡಿಗಳ ಮೂಲಪುರುಷ.

ಅಂದಿನಿಂದ ಸುಧಾರಣೆಗಳು ಬಂದಿವೆ, ನಿಜ. 1990ರ ದಶಕದ ಕೊನೆಯಿಂದ ಬಳಕೆಗೆ ಬಂದ, ವಿಕಿರಣದಿಂದ ಗಟ್ಟಿಗೊಳಿಸಿದ ಪ್ಲಾಸ್ಟಿಕ್ ಸೊಂಟದ ಕೀಲಿನ ಸವೆತವನ್ನು ಬಹಳ ಮಟ್ಟಿಗೆ ತಗ್ಗಿಸಿದೆ. ಇದು ಸಂದೇಹಾತೀತವಾದ ಲಾಭ. ಆದರೆ ಜಾಹೀರಾತುಗಳಲ್ಲಿ ಮೆರೆಯುವ ಇತರ ಹೊಸತುಗಳ ಬಗ್ಗೆ ಅದೇ ಮಾತನ್ನು ಹೇಳಲಾಗದು. ಸೊಂಟವನ್ನು ಮುಂಭಾಗದಿಂದ ತೆರೆಯುವ ವಿಧಾನದಲ್ಲಿ ಮೊದಲ ಕೆಲವು ವಾರಗಳ ಚೇತರಿಕೆ ಚುರುಕು. ತಿಂಗಳುಗಳು ಕಳೆದಂತೆ ಅಂತರ ಅಳಿಯುತ್ತದೆ. ರೋಬೋಟ್ ಮೂಳೆಯನ್ನು ಕರಾರುವಾಕ್ಕಾಗಿ ಕತ್ತರಿಸುತ್ತದೆ. ಆದರೆ ಕೊರಿಯಾದಲ್ಲಿ ಸಾವಿರಕ್ಕೂ ಮಿಗಿಲಾದ ರೋಗಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂದಿನ ರೋಬೋಟ್ ಕೂರಿಸಿದ ಮಂಡಿಗೂ ಕೈಯಿಂದ ಕೂರಿಸಿದ ಮಂಡಿಗೂ ನೋವಿನಲ್ಲಾಗಲಿ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಹೊಸದಾಗಿರಬಹುದು, ಇನ್ನಷ್ಟು ಸುಧಾರಿಸಲೂಬಹುದು. ಅದಕ್ಕಾಗಿ ಹೆಚ್ಚುವರಿ ಹಣ ತೆರುವ ಮಗನಿಗೆ ಈ ಸಂಗತಿ ತಿಳಿದಿರಬೇಕು. ವರ್ಷಕ್ಕೆ ಬೆರಳೆಣಿಕೆಯಷ್ಟು ಮಂಡಿಗಳನ್ನು ಮಾಡುವ ವೈದ್ಯರಿಗಿಂತ ನೂರಾರನ್ನು ಮಾಡುವ ವೈದ್ಯರ ಫಲಿತಾಂಶ ಉತ್ತಮವೆಂಬುದು ಹಲವು ದೇಶಗಳ ದಾಖಲೆಗಳಿಂದ ಸಿದ್ಧವಾಗಿದೆ. ರೋಗಿಯ ಸಕ್ಕರೆಕಾಯಿಲೆ ಹತೋಟಿಯಲ್ಲಿರುವುದೂ ಅಷ್ಟೇ ಮುಖ್ಯ.

ಬಾಳಿಕೆಯ ಬಗ್ಗೆ ಅಂಕೆಗಳು ಆಶಾದಾಯಕವಾಗಿಯೇ ಇವೆ. ರಾಷ್ಟ್ರೀಯ ನೋಂದಣಿಗಳನ್ನು ಆಧರಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಗಳ ಪ್ರಕಾರ, 25 ವರ್ಷಗಳ ಕೊನೆಗೆ ನೂರರಲ್ಲಿ 82 ಮಂಡಿಗಳೂ 58 ಸೊಂಟಗಳೂ ಮರುಶಸ್ತ್ರಕ್ರಿಯೆಯಿಲ್ಲದೆ ಉಳಿದಿರುತ್ತವೆ. ಎಪ್ಪತ್ತು ದಾಟಿದವರಿಗೆ ಮತ್ತೊಮ್ಮೆ ಶಸ್ತ್ರಕ್ರಿಯೆಯಾಗುವ ಸಂಭವ ನೂರಕ್ಕೆ ಐದರ ಆಸುಪಾಸು. ಐವತ್ತರ ಆರಂಭದಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಅದು 35ರವರೆಗೆ ಏರುತ್ತದೆ. ಆದುದರಿಂದ ಅವಸರ ಸಲ್ಲದು. ಮತ್ತೊಂದು ಅಂಶವನ್ನು ಆಸ್ಪತ್ರೆಗಳ ಕರಪತ್ರಗಳು ಮರೆಯುತ್ತವೆ. ಮಂಡಿ ಬದಲಾಯಿಸಿಕೊಂಡ ಐವರಲ್ಲಿ ಒಬ್ಬರು, ಕೀಲು ಸರಿಯಾಗಿ ಕುಳಿತಿದ್ದರೂ, ಫಲಿತಾಂಶದಿಂದ ತೃಪ್ತರಾಗುವುದಿಲ್ಲ. ಮಂಡಿಯೂರಿ ತುಳಸಿಕಟ್ಟೆಗೆ ನಮಸ್ಕರಿಸುತ್ತಿದ್ದ, ನೆಲದ ಮೇಲೆ ಕುಳಿತು ಹೋಳಿಗೆ ತಟ್ಟುತ್ತಿದ್ದ ಗೃಹಿಣಿಗೆ ಕೃತಕ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿಯವರೆಗೆ ಮಾತ್ರ ಮಡಿಚುತ್ತದೆ ಎಂಬುದನ್ನು ಮೊದಲೇ ತಿಳಿಸಿದರೆ, ಆಕೆಯ ತೀರ್ಮಾನವೇ ಬೇರೆಯಾದೀತು. ಇಲ್ಲವಾದರೂ ನಿರಾಶೆಯಾದರೂ ತಪ್ಪೀತು.

ಈ ಅಂಕೆಗಳೆಲ್ಲ ಎಲ್ಲಿಂದ ಬಂದವು ಎಂಬುದನ್ನು ಗಮನಿಸಬೇಕು. ಸ್ವೀಡನ್ 1975ರಲ್ಲಿ ಮಂಡಿಗಳಿಗೂ 1979ರಲ್ಲಿ ಸೊಂಟಗಳಿಗೂ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. ಆಸ್ಟ್ರೇಲಿಯಾ 1999ರಲ್ಲಿ ಅದನ್ನು ಅನುಸರಿಸಿತು. ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯ ಡೆಪ್ಯೂ ಕಂಪನಿ ತಯಾರಿಸಿದ ಎಎಸ್ಆರ್ ಎಂಬ, ಲೋಹದ ಮೇಲೆ ಲೋಹ ಉಜ್ಜುವ ಸೊಂಟದ ಕೀಲು ಅತಿಯಾಗಿ ವಿಫಲವಾಗುತ್ತಿದೆಯೆಂದು ಎಚ್ಚರಿಸಿದ್ದು ಆಸ್ಟ್ರೇಲಿಯಾದ ಈ ನೋಂದಣಿಯೇ. 2010ರ ಆಗಸ್ಟಿನಲ್ಲಿ ಕಂಪನಿ ಆ ಕೀಲನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಕ್ರಿಯೆಗಳಲ್ಲಿ ಅದನ್ನು ಬಳಸಲಾಗಿತ್ತು. ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರುವ ಅಪಾಯವಿದ್ದ ಆ ರೋಗಿಗಳಲ್ಲಿ ಬಹುಪಾಲು ಜನರು ಪತ್ತೆಯೇ ಆಗಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಪರಿಹಾರದ ಸೂತ್ರವನ್ನು ಪ್ರಕಟಿಸಿದಾಗ, ಪರಿಹಾರವಿತ್ತು, ಪಡೆಯಬೇಕಾದವರ ವಿಳಾಸವಿರಲಿಲ್ಲ.

2017ರ ಆಗಸ್ಟಿನಲ್ಲಿ ಸರ್ಕಾರ ಸಾಧಾರಣ ಮಂಡಿಕೀಲಿನ ಬೆಲೆಗೆ 54,720 ರೂಪಾಯಿಗಳ ಮಿತಿ ವಿಧಿಸಿದುದು ಜನಸಾಮಾನ್ಯರಿಗೆ ದೊಡ್ಡ ಉಪಕಾರ. ಬೆಲೆಯನ್ನು ಕಟ್ಟಿದ ಕೈ ಫಲಿತಾಂಶದ ಲೆಕ್ಕವನ್ನು ಕಡ್ಡಾಯಗೊಳಿಸಲಿಲ್ಲ. ತಜ್ಞರ ಸಂಘವೊಂದು 2006ರಿಂದ ನಡೆಸುತ್ತಿರುವ ನೋಂದಣಿಗೆ ವೈದ್ಯರು ಸ್ವಇಚ್ಛೆಯಿಂದ ಮಾಹಿತಿ ಕಳುಹಿಸಿದರೆ ಮಾತ್ರ ಉಂಟು.

ಹೊರನಾಡ ಕನ್ನಡಿಗರಿಗೆ ಈ ಕೊರತೆ ಇಮ್ಮಡಿಯಾಗಿ ತಟ್ಟುತ್ತದೆ. ಶಸ್ತ್ರಕ್ರಿಯೆ ಮುಲುಂಡದಲ್ಲೋ ಪುಣೆಯಲ್ಲೋ. ಆ ಕಾಲು ಬಾಳುವುದು ಕುಂದಾಪುರದಲ್ಲಿ, ಧಾರವಾಡದಲ್ಲಿ. ಕೀಲಿನ ಸುತ್ತ ಮೂಳೆ ಕರಗತೊಡಗಿದಾಗ ಎಷ್ಟೋ ವೇಳೆ ನೋವೇ ಇರುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಮುಂಬಯಿಯ ವೈದ್ಯರು ತಾವು ಕೂರಿಸಿದ ಕೀಲನ್ನು ಮರಳಿ ಕಾಣುವುದಿಲ್ಲ. ಊರಿನ ವೈದ್ಯರಿಗೆ ಒಳಗಿರುವುದು ಯಾವ ಕೀಲೆಂದು ತಿಳಿಯುವುದಿಲ್ಲ. ಮರುಶಸ್ತ್ರಕ್ರಿಯೆಯ ಸಂದರ್ಭದಲ್ಲಿ ಈ ಅಜ್ಞಾನ ಬಹಳ ತೊಂದರೆ ಕೊಡುತ್ತದೆ, ಏಕೆಂದರೆ ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಸಂಘಗಳು ಕೈಕಟ್ಟಿ ಕೂರಬೇಕಾಗಿಲ್ಲ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಅಳೆಯುವ ಆರೋಗ್ಯ ಶಿಬಿರದಲ್ಲಿ ಒಂದು ಮೇಜನ್ನು ಇದಕ್ಕೆ ಮೀಸಲಿಡಬಹುದು: ಸದಸ್ಯರ ಮತ್ತು ಅವರ ತಂದೆತಾಯಿಯರ ಕೀಲಿನ ಹೆಸರು, ಕೂರಿಸಿದ ದಿನಾಂಕ, ವೈದ್ಯರ ಹೆಸರು, ಕೊನೆಯ ಎಕ್ಸ್‌ರೇಯ ತಾರೀಖು. ಸದಸ್ಯರು ಒಪ್ಪಿದರೆ ಒಂದು ಪ್ರತಿ ಸಂಘದಲ್ಲಿ, ಒಂದು ಊರಿನ ಮನೆಯಲ್ಲಿ. ಇದಕ್ಕೆ ಬೇಕಾದ ಆಧಾರ ಆಸ್ಪತ್ರೆಯಲ್ಲೇ ಸಿಗುತ್ತದೆ. ಪ್ರತಿಯೊಂದು ಕೀಲಿನ ಪೆಟ್ಟಿಗೆಯಲ್ಲಿ ಅದರ ಹೆಸರು, ಅಳತೆ ಮತ್ತು ತಯಾರಿಕೆಯ ಸಂಖ್ಯೆಯುಳ್ಳ ಅಂಟುಚೀಟಿಗಳಿರುತ್ತವೆ. ಅವನ್ನು ರೋಗಿಯ ಕಡತಕ್ಕೆ ಅಂಟಿಸಿಕೊಡಿರೆಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆ ಕಡತಗಳಾದರೋ ವಿಮೆಯ ಹಣ ಕೈಸೇರಿದ ಬಳಿಕ ಎಷ್ಟೋ ಮನೆಗಳಲ್ಲಿ ಹಳೆಯ ಪತ್ರಿಕೆಗಳೊಡನೆ ರದ್ದಿಯವನ ತಕ್ಕಡಿಗೆ ಹೋಗುತ್ತಿವೆ.