ಅವರವರ ಗುಂಪು, ಅವರವರ ಕೊಳಗ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತು. ಮರುದಿನವೇ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತ ಆರನೇ ಕರಡು ಅಧಿಸೂಚನೆ ಹೊರಬಿತ್ತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳೂ ಪಟ್ಟಿಯಲ್ಲಿದ್ದವು. ಆಕ್ಷೇಪಣೆಗೆ ಸಿಕ್ಕಿದ್ದು 60 ದಿನ.

ಆ ದಿನಗಳಲ್ಲಿ ನಾನು ಎರಡು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದೆ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಬೆಳಗಾದರೆ ಒಂದೇ ಮಾತು: ಇನ್ನು ಜಾಗ ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ, ತೋಟಕ್ಕೆ ಕಾಲಿಡುವಂತಿಲ್ಲ. ಒಬ್ಬರು ಕರಡನ್ನೇ ಓದಿ ಬರೆದರು: ಆಸ್ತಿ ಮಾರಾಟಕ್ಕೆ ಅಡ್ಡಿಯಿಲ್ಲ, ನಿಷೇಧ ಇರುವುದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಕೈಗಾರಿಕೆ, ಭಾರಿ ಕಟ್ಟಡಗಳಿಗೆ. ಸಂಜೆಯೊಳಗೆ ಅವರನ್ನು ಗುಂಪಿನಿಂದ ತೆಗೆದಿದ್ದರು. ಪರಿಸರಾಸಕ್ತರ ಗುಂಪಿನಲ್ಲಿ ಯಾರನ್ನೂ ತೆಗೆಯುವ ಪ್ರಮೇಯವೇ ಬರಲಿಲ್ಲ, ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವನೊಬ್ಬನೂ ಅಲ್ಲಿರಲಿಲ್ಲ. ವಿರೋಧಿಸುವವರೆಲ್ಲ ಕ್ವಾರಿ ಧಣಿಗಳ ಕಡೆಯವರು ಎಂದು ಅಲ್ಲಿನವರು ತೀರ್ಮಾನಿಸಿದರು.

ರೈತನ ಭಯ ಸುಮ್ಮನೆ ಹುಟ್ಟಿದ್ದಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಸರ್ಕಾರದ ಕಾಗದವನ್ನು ಅವರು ನಂಬಲಿ ಹೇಗೆ? ಆದರೆ ತಮ್ಮ ಕೆರೆಗೆ ಕ್ವಾರಿಯ ದೂಳು ಬೀಳುವುದನ್ನು ಅವರೂ ಬಯಸುವುದಿಲ್ಲ. 'ಕ್ವಾರಿ ಬೇಡ, ಸೊಪ್ಪಿನಬೆಟ್ಟದ ಹಕ್ಕು ಉಳಿಯಲಿ' ಎಂಬ ಒಂದು ವಾಕ್ಯ ಎರಡೂ ಗುಂಪುಗಳನ್ನು ಸೇರಿಸಬಹುದಿತ್ತು. ಎರಡರಲ್ಲೂ ಅದು ನನಗೆ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಈ ಅಧಿಸೂಚನೆಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನೇ ಸಾರಾಸಗಟಾಗಿ ತಿರಸ್ಕರಿಸಿತು. ಬೆಳೆಗಾರರು ಗೆದ್ದೆವೆಂದುಕೊಂಡರು. ಕ್ವಾರಿಯವರೂ ಗೆದ್ದಿದ್ದರು.

ಇದೇ ಸೀಮೆಯಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಗೇಣಿ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ಒಡೆಯರಿಗೂ ಗೇಣಿದಾರರಿಗೂ ಕಡುವೈರವಿತ್ತು, ಆದರೂ ಕೊಳಗ ಇಬ್ಬರ ಕಣ್ಣೆದುರಿಗೇ ಇತ್ತು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಬ್ಬರ ಕೊಳಗ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಆ ಹೋರಾಟದಿಂದ ಎದ್ದುಬಂದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ-ಹೊಸನಗರದಿಂದ, ಮುಂದೆ ತೀರ್ಥಹಳ್ಳಿಯಿಂದ ಶಾಸಕರಾದರು. ಇದೇ ಸೀಮೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ರಂಗಸಂಸ್ಥೆ ನೀನಾಸಂನ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಎಲ್ಲರೂ ಕೂತು ಚರ್ಚಿಸುತ್ತಾರೆ. ಮೆಚ್ಚದವರೂ ಎದ್ದುನಿಂತು ಮಾತಾಡುತ್ತಾರೆ, ಅವರ ಮೈಕನ್ನು ಯಾರೂ ಕಸಿಯುವುದಿಲ್ಲ. ಒಪ್ಪದವರ ಮಾತನ್ನೂ ಕೇಳುವ ಈ ರೂಢಿ ನಮಗೆ ಹೊಸದೇನಲ್ಲ, ಹೊರಗಿನಿಂದ ಕಲಿಯಬೇಕಾದದ್ದೂ ಅಲ್ಲ.

ಮುಂದಿನ ಕರಡು ಬಂದರೆ ಮೂರೂ ತಾಲ್ಲೂಕಿನ ಪಂಚಾಯಿತಿಗಳು ಗ್ರಾಮಸಭೆ ಕರೆದು ಅದನ್ನು ಕನ್ನಡದಲ್ಲಿ ಸಾಲುಸಾಲಾಗಿ ಓದಿಸಲಿ. ಕಾಡು ಉಳಿಯಲಿ ಎನ್ನುವವರೂ ಹಕ್ಕುಪತ್ರ ಕೊಡಿ ಎನ್ನುವವರೂ ಒಂದೇ ಜಮಖಾನೆಯ ಮೇಲೆ ಕೂತು, ಕೊನೆಯ ಸಾಲಿನವರೆಗೆ ಕೇಳಿಸಿಕೊಳ್ಳಲಿ.