ದರದ ಮಾತಿಗೂ ಒಂದು ಗಡುವು

ಗುತ್ತಿಗೆದಾರನ ಪರವಾದ ಮಾತನ್ನು ಲೋಕ ಅನುಮಾನದಿಂದ ಕೇಳುವುದು ಸಹಜ. ನಾನೇ ಸಣ್ಣ ಗುತ್ತಿಗೆದಾರ. ಶಾಲೆಯ ಕೊಠಡಿ, ಚರಂಡಿಗಳೇ ನನ್ನ ಕೃತಿಗಳು. ಆದರೂ ಹೇಳಬೇಕಾಗಿದೆ.

ಟೆಂಡರಿನಲ್ಲಿ ಬರೆದ ದರಕ್ಕೆ ಒಂದು ಅವಧಿಯುಂಟು; ಸಾಮಾನ್ಯವಾಗಿ 90 ದಿನ. ಕಡತವು ಮೇಜಿನಿಂದ ಮೇಜಿಗೆ ನಡೆದು ಒಪ್ಪಿಗೆ ಬರುವ ವೇಳೆಗೆ ಎಷ್ಟೋ ಸಲ ಆ ಅವಧಿ ತೀರಿರುತ್ತದೆ. ಕಬ್ಬಿಣ, ಸಿಮೆಂಟು, ಗಾರೆಯವನ ಕೂಲಿ ಯಾವುವೂ ನಮಗಾಗಿ ಕಾದು ನಿಲ್ಲವು. 2022ರ ಜುಲೈಯಲ್ಲಿ ಅನೇಕ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿಯೇ ನೂರಕ್ಕೆ 12ರಿಂದ 18ಕ್ಕೇರಿತು. ಆದರೂ ಹಳೆಯ ದರಕ್ಕೇ ಮಾಡಬೇಕು. ಒಲ್ಲೆನೆಂದರೆ ಮಾತಿಗೆ ತಪ್ಪಿದವನೆಂಬ ಹೆಸರು.

ಇದು ನ್ಯಾಯವೆ? ಗೊತ್ತುಮಾಡಿದ ಕಾಲ ಕಳೆದೊಡನೆ ಪ್ರಸ್ತಾಪವು ರದ್ದಾಗುವುದೆಂದು 1872ರ ಕರಾರು ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಅವಧಿ ಬೆಳೆಸಲು ಒಪ್ಪದವನ ಠೇವಣಿಯನ್ನು ಮುಟ್ಟುಗೋಲು ಹಾಕುವಂತಿಲ್ಲವೆಂದು ಎಷ್ಟೋ ಟೆಂಡರು ಪತ್ರಗಳಲ್ಲೇ ಬರೆದಿರುತ್ತದೆ. ಪುಣ್ಯಕೋಟಿಯ ನಾಡಿಗೆ ಮಾತಿನ ಬೆಲೆ ಗೊತ್ತು. ಅದರ ಮಿತಿಯೂ ಗೊತ್ತಿರಬೇಡವೆ?

ಹಳೆಯ ದರಕ್ಕೆ ಕೊರಳೊಡ್ಡಿದವನು ನಷ್ಟವನ್ನು ಮನೆಯಿಂದ ತುಂಬಲಾರ. ಸಿಮೆಂಟು ಇಳಿಸಿ, ಮರಳು ಏರಿಸಿ ತುಂಬುವ ಆಸೆ ಹುಟ್ಟುತ್ತದೆ. ಆ ಗೋಡೆಯ ಕೆಳಗೆ ಕೂರುವವರು ನಮ್ಮ ಮಕ್ಕಳು. ಗಡುವು ಮೀರಿದ ಮೇಲೆ ಆಗದೆಂದು ಬರೆದು ತಿಳಿಸುವ ಧೈರ್ಯ ಗುತ್ತಿಗೆದಾರನಿಗೂ, ಹೊಸದಾಗಿ ಟೆಂಡರು ಕರೆಯುವ ವಿವೇಕ ಕಛೇರಿಗೂ ಬರಲಿ.